ಅರಿವಳಿಕೆಗೊಂದು ಪೀಠ

1936ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ವೈದ್ಯಶಿಕ್ಷಣಕ್ಕೆಂದು ಅಪಾರ ಧನವನ್ನು ನೀಡಲು ಮುಂದೆಬಂದ ಮೋಟಾರು ತಯಾರಕ ಲಾರ್ಡ್ ನಫೀಲ್ಡನು, ಕಾಯಚಿಕಿತ್ಸೆ, ಶಸ್ತ್ರಚಿಕಿತ್ಸೆ, ಪ್ರಸೂತಿಶಾಸ್ತ್ರಗಳಿಗೆ ಮಾತ್ರ ಪ್ರಾಧ್ಯಾಪಕ ಪೀಠಗಳನ್ನು ಬಯಸಿದ್ದ ಪಂಡಿತರೊಡನೆ, ಅರಿವಳಿಕೆಗೂ ಒಂದು ಪೀಠವಿರತಕ್ಕದ್ದೆಂದು ಹಟ ಹಿಡಿದಾಗ, ಅಲ್ಲಿನ ಹಿರಿಯರಲ್ಲಿ ಹಲವರಿಗೆ ಅದು ಸಿರಿವಂತನ ಚಾಪಲ್ಯವೆಂದೇ ತೋರಿತು. ಆತನಿಗೋ ಆ ವಿದ್ಯೆಯ ಬೆಲೆ ತಿಳಿದದ್ದು ಗ್ರಂಥಗಳಿಂದಲ್ಲ. ಎಳೆಯ ವಯಸ್ಸಿನಲ್ಲಿ ಅರಿವಳಿಕೆಯಿಂದ ದಾರುಣ ಭಯವನ್ನುಂಡಿದ್ದವನು, ಮುಂದೆ ನ್ಯೂಜಿಲೆಂಡ್ ಮೂಲದ ಅರಿವಳಿಕೆ ವೈದ್ಯ ರಾಬರ್ಟ್ ಮ್ಯಾಕಿಂಟಾಷನ ಕೈಯಲ್ಲಿ ನಿದ್ರೆಹೋಗಿ, ಶಸ್ತ್ರಚಿಕಿತ್ಸೆ ಮುಗಿದದ್ದೇ ಅರಿಯದವನಂತೆ ಎಚ್ಚೆತ್ತು ವಿಸ್ಮಿತನಾಗಿದ್ದನು. ಪೀಠವಿಲ್ಲದಿದ್ದರೆ ಧನವೂ ಇಲ್ಲವೆಂಬುದನ್ನು ಅರಿತ ವಿಶ್ವವಿದ್ಯಾನಿಲಯವು ಒಪ್ಪಿಕೊಂಡಿತು. 1937ರಲ್ಲಿ ಮ್ಯಾಕಿಂಟಾಷನೇ ಆ ಪೀಠವನ್ನೇರಿದನು.

ಬಾಸ್ಟನ್ನಿನಲ್ಲಿ ವಿಲಿಯಂ ಮಾರ್ಟನ್ನನು ಈಥರಿನ ಪ್ರಭಾವವನ್ನು ತೋರಿಸಿಕೊಟ್ಟದ್ದು 1846ರಲ್ಲಿ. ಔಷಧವು ಕೆಲವೇ ತಿಂಗಳುಗಳಲ್ಲಿ ಲಂಡನ್ನಿಗೂ ಕಲ್ಕತ್ತೆಗೂ ಹಬ್ಬಿತಾದರೂ, ಅದನ್ನು ಕೊಡುವವನ ವಿದ್ಯೆಗೆ ಇಂಗ್ಲೆಂಡಿನಲ್ಲೊಂದು ಪೀಠ ದೊರೆಯಲು ತೊಂಬತ್ತು ವರ್ಷಗಳೇ ಹಿಡಿದುವು. ಬಟ್ಟೆಯ ಮೇಲೆ ನಾಲ್ಕು ಹನಿ ಕ್ಲೋರೊಫಾರ್ಮ್ ಸುರಿಯುವುದಕ್ಕೆ ಪಾಂಡಿತ್ಯವೇತಕ್ಕೆಂಬ ಭಾವನೆಯೇ ಈ ವಿಳಂಬದ ಮೂಲವೆಂದು ನಾನು ತಿಳಿದಿದ್ದೇನೆ. ಆದರೆ 1848ರಲ್ಲಿ ಕಾಲಿನ ಉಗುರು ತೆಗೆಯಿಸಿಕೊಳ್ಳಲೆಂದು ಕ್ಲೋರೊಫಾರ್ಮ್ ಸೇವಿಸಿದ ಹ್ಯಾನಾ ಗ್ರೀನರ್ ಎಂಬ ಹದಿನೈದರ ಬಾಲೆ ಆ ಕ್ಷಣವೇ ಪ್ರಾಣಬಿಟ್ಟಳು. ವಿಕ್ಟೋರಿಯಾ ರಾಣಿಯ ಪ್ರಸವಕಾಲದಲ್ಲಿ ಕ್ಲೋರೊಫಾರ್ಮ್ ಕೊಟ್ಟ ಜಾನ್ ಸ್ನೋ, ಆವಿಯ ಪ್ರಮಾಣವನ್ನು ಅಳೆದು ಕೊಡುವ ಕ್ರಮವನ್ನೇ ತನ್ನ ಜೀವಿತಕಾರ್ಯವಾಗಿಸಿಕೊಂಡನು. ಇಷ್ಟಾದರೂ ಅನೇಕ ಆಸ್ಪತ್ರೆಗಳಲ್ಲಿ ಆ ಹೊಣೆಯು ಕಿರಿಯ ಸಹಾಯಕರ ಪಾಲಿಗೇ ಉಳಿಯಿತು. ಲಂಡನ್ನಿನ ಅರಿವಳಿಕೆ ವೈದ್ಯರು ಸಂಘ ಕಟ್ಟಿಕೊಂಡದ್ದು 1893ರಷ್ಟು ತಡವಾಗಿ; ಅವರಿಗೆ ಪ್ರತ್ಯೇಕ ಡಿಪ್ಲೊಮಾ ಪರೀಕ್ಷೆ ಏರ್ಪಟ್ಟದ್ದು 1935ರಲ್ಲಿ.

ಸಂಘದಿಂದಲೂ ಪರೀಕ್ಷೆಯಿಂದಲೂ ಗೌರವವು ತಾನಾಗಿ ಬರುವುದೆಂದು ನಾನು ಹೇಳುತ್ತಿಲ್ಲ. ಪದವಿಯ ಡಂಭವೂ ಲೋಕದಲ್ಲಿ ಉಂಟು. ಆದರೆ ಮ್ಯಾಕಿಂಟಾಷನು ಪೀಠವನ್ನು ಬಳಸಿಕೊಂಡ ರೀತಿಯೇ ಬೇರೆ. ಅಮೆರಿಕದ ವಿಸ್ಕಾನ್ಸಿನ್ನಿನಲ್ಲಿ ತರುಣ ವೈದ್ಯರಿಗೆ ಕ್ರಮಬದ್ಧ ಶಿಕ್ಷಣ ಕೊಡುತ್ತಿದ್ದ ರಾಲ್ಫ್ ವಾಟರ್ಸನ ಬಳಿಗೆ ಹೋಗಿ ನೋಡಿಬಂದನು. 1943ರಲ್ಲಿ ಗಂಟಲೊಳಗೆ ಉಸಿರ್ನಳಿಕೆಯನ್ನು ಇಳಿಸುವಾಗ ದಾರಿ ಕಾಣಿಸುವ, ಇಂದಿಗೂ ಬಳಕೆಯಲ್ಲಿರುವ ಬಾಗಿದ ಅಲಗಿನ ಉಪಕರಣವನ್ನು ರೂಪಿಸಿದನು. ಎಲ್ಲಕ್ಕಿಂತ ಮಿಗಿಲಾಗಿ, ಅರಿವಳಿಕೆಯಿಂದ ಸಂಭವಿಸುವ ಮರಣಗಳನ್ನು ರೋಗಿಯ ದೈವಕ್ಕೆ ಕಟ್ಟದೆ, ಅವುಗಳಲ್ಲಿ ಬಹುಪಾಲು ತಪ್ಪಿಸಬಹುದಾದುವೆಂದು 1949ರಲ್ಲಿ ತನ್ನ ವೃತ್ತಿಬಾಂಧವರಿಗೇ ಬರೆದು ತಿಳಿಸಿದನು. ತನ್ನ ಮೇಲೆ ತಾನೇ ಇಂತಹ ವಿಮರ್ಶೆಯನ್ನು ನಡೆಸಿಕೊಳ್ಳಬಲ್ಲ ಕಸುಬಿಗೆ ವೃತ್ತಿಯೆಂಬ ಹೆಸರು ಒಪ್ಪುವುದಷ್ಟೆ. ಈ ಬರಹಕ್ಕೆ ಹಿಂದಿನ ವರ್ಷವೇ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ ಅರಿವಳಿಕೆ ತಜ್ಞರಿಗೆ ಶಸ್ತ್ರವೈದ್ಯರ ಸಮಾನಸ್ಥಾನ ದೊರೆತಿತ್ತು.

ನಮ್ಮಲ್ಲಿ 1947ರಷ್ಟು ಹಿಂದೆಯೇ ಸಂಘ ಸ್ಥಾಪನೆಯಾಯಿತಾದರೂ, ಸಣ್ಣ ಊರುಗಳಲ್ಲಿ ಒಬ್ಬರೇ ವೈದ್ಯರು ಒಂದು ನರ್ಸಿಂಗ್ ಹೋಮಿನಿಂದ ಇನ್ನೊಂದಕ್ಕೆ ಧಾವಿಸಿ, ರೋಗಿಯ ಮುಖವನ್ನು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ಮೊದಲು ಕಾಣುವುದು ಅಪರೂಪವಲ್ಲ. ಇದು ಆ ವೈದ್ಯರ ದೋಷವೆನ್ನಲಾರೆ. ಶಸ್ತ್ರವೈದ್ಯರ ಖ್ಯಾತಿಯನ್ನು ಮಾತ್ರ ವಿಚಾರಿಸಿ ದಿನ ಗೊತ್ತುಮಾಡುವ ಮನೆಯವರು, ಅರಿವಳಿಕೆ ಕೊಡುವವರು ಯಾರು, ಹಿಂದಿನ ದಿನವೇ ಬಂದು ರೋಗಿಯನ್ನು ಪರೀಕ್ಷಿಸುವರೇ, ಎಚ್ಚರವಾಗುವತನಕ ಬಳಿಯಲ್ಲೇ ಇರುವರೇ ಎಂದು ಕೇಳತೊಡಗಿದರೆ, ಆಸ್ಪತ್ರೆಗಳು ಅದಕ್ಕೆ ತಕ್ಕ ವ್ಯವಸ್ಥೆಯನ್ನೂ ವೇತನವನ್ನೂ ಒದಗಿಸದಿರಲಾರವು.