ಅಮೆರಿಕದ ಆರೋಗ್ಯ ಶಾಸನವೂ ಸಂಸ್ಥಾನಗಳೂ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಟೆಕ್ಸಾರ್ಕಾನಾ ಎಂಬುದೊಂದು ಊರುಂಟು. ಅಲ್ಲಿಯ ಸ್ಟೇಟ್ ಲೈನ್ ಬೀದಿಯ ಪಶ್ಚಿಮಕ್ಕೆ ಟೆಕ್ಸಾಸ್ ಸಂಸ್ಥಾನ, ಪೂರ್ವಕ್ಕೆ ಆರ್ಕನ್ಸಾ. ಕೇಂದ್ರಸರ್ಕಾರ ಒಂದೇ, ಅದರ ಆರೋಗ್ಯ ಶಾಸನವೂ ಒಂದೇ. ಆದರೂ ಪೂರ್ವದ ಬದಿಯ ಬಡವನಿಗೆ ದೊರೆಯುವ ಔಷಧೋಪಚಾರದ ನೆರವು ಪಶ್ಚಿಮದವನಿಗೆ ದೊರೆಯದು. ನಮ್ಮ ವಾಚಕರಲ್ಲಿ ಹಲವರ ಬಂಧುಗಳು ಆ ದೇಶದಲ್ಲಿರುವುದರಿಂದ ಇದು ಹೇಗಾಯಿತೆಂಬುದನ್ನು ವಿಚಾರಿಸಬಹುದಾಗಿದೆ.

ಅಲ್ಲಿ ಬಡವರ ಚಿಕಿತ್ಸೆಗಾಗಿ 1965ರಿಂದಲೂ ಮೆಡಿಕೇಡ್ ಎಂಬ ಏರ್ಪಾಡಿದೆ. ವೆಚ್ಚವನ್ನು ಕೇಂದ್ರವೂ ಸಂಸ್ಥಾನಗಳೂ ಹಂಚಿಕೊಳ್ಳುವುವು, ನಡೆಸತಕ್ಕವರು ಸಂಸ್ಥಾನದವರು. ಮಕ್ಕಳಿಲ್ಲದ, ಮೈಗಟ್ಟಿಯಾಗಿರುವ ಬಡವನಿಗೆ ಮೊದಲು ಬಹುತೇಕ ಕಡೆ ಇದರಲ್ಲಿ ಸ್ಥಾನವಿರಲಿಲ್ಲ. ಅಧ್ಯಕ್ಷ ಒಬಾಮರ ಕಾಲದ 2010ರ ಶಾಸನವು, ಬಡತನದ ರೇಖೆಯ ನೂರಕ್ಕೆ 138ರವರೆಗೆ ವರಮಾನವಿರುವ, 65 ವರ್ಷದೊಳಗಿನ ಪ್ರಜೆಗಳನ್ನೆಲ್ಲ ಸೇರಿಸಬೇಕೆಂದು ವಿಧಿಸಿತು.

ಆದರೆ ಒಪ್ಪದ ಸಂಸ್ಥಾನದ ಹಳೆಯ ನೆರವನ್ನೂ ಕಿತ್ತುಕೊಳ್ಳುವ ಬೆದರಿಕೆ ಸಲ್ಲದೆಂದು 2012ರಲ್ಲಿ ಪರಮೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಒಪ್ಪುವುದೂ ಬಿಡುವುದೂ ಸಂಸ್ಥಾನಗಳ ಇಚ್ಛೆಯಾಯಿತು. ಆರ್ಕನ್ಸಾದಲ್ಲಿ 2014ರಲ್ಲಿ ವಿಸ್ತರಣವು ಜಾರಿಗೆ ಬಂದಿತು, ಟೆಕ್ಸಾಸ್ ಒಪ್ಪಿಲ್ಲ. ಹೊಸಬರ ವೆಚ್ಚದಲ್ಲಿ ನೂರಕ್ಕೆ 90 ಭಾಗವನ್ನು ಕೇಂದ್ರವೇ ಕೊಡುವುದಾದರೂ, ಉಳಿದ ಹತ್ತರ ಹೊರೆಯೂ ಕೇಂದ್ರದ ಅಂಕೆಯೂ ಬೇಡವೆಂಬುದು ಅಲ್ಲಿಯ ಮುಖಂಡರ ವಾದ. ಅದರಲ್ಲಿ ಹುರುಳೇ ಇಲ್ಲವೆಂದು ನಾವು ಹೇಳೆವು. ಕೊಟ್ಟ ಕೈ ಹಿಂದೆಗೆದರೆ ಹೊರೆ ಯಾರ ತಲೆಗೆ? ಪರಿಣಾಮವನ್ನಾದರೋ ನೋಡಿರಿ. 2024ರಲ್ಲಿ ಒಂಟಿ ವ್ಯಕ್ತಿಯ ಬಡತನದ ರೇಖೆ ವರ್ಷಕ್ಕೆ 15,060 ಡಾಲರು. ಟೆಕ್ಸಾಸಿನಲ್ಲಿ 18,000 ಡಾಲರು ದುಡಿಯುವವನು ಖಾಸಗಿ ವಿಮೆ ಕೊಳ್ಳಲು ಸಹಾಯಧನ ಪಡೆಯಬಹುದಾಗಿತ್ತು. 12,000 ದುಡಿಯುವವನಿಗೆ, ಮಕ್ಕಳಿಲ್ಲದೆ ಮೈ ನೆಟ್ಟಗಿದ್ದಲ್ಲಿ, ಸಹಾಯಧನವೂ ಇಲ್ಲ, ಮೆಡಿಕೇಡೂ ಇಲ್ಲ. ರೇಖೆಯ ಕೆಳಗಿನವರಿಗೆ ಮೆಡಿಕೇಡ್ ಇದ್ದೇ ಇರುವುದೆಂದು ಎಣಿಸಿ ಶಾಸನಕರ್ತರು ಅವರಿಗೆ ಸಹಾಯಧನವನ್ನೇ ಇಟ್ಟಿರಲಿಲ್ಲ! ಹೆಚ್ಚು ಬಡವನಾದುದೇ ಅವನ ಅಪರಾಧವಾಯಿತು.

ಬೀದಿಯನ್ನು ದಾಟಿದರೆ ಕಷ್ಟವೇ ಇಲ್ಲವೆಂದಲ್ಲ. 2018ರಲ್ಲಿ ಆರ್ಕನ್ಸಾ ಸರ್ಕಾರವು, ನೆರವು ಪಡೆಯುವವರು ತಿಂಗಳಿಗೆ 80 ಗಂಟೆ ಕೆಲಸವನ್ನೋ ವ್ಯಾಸಂಗವನ್ನೋ ಮಾಡಿದ ಲೆಕ್ಕ ಒಪ್ಪಿಸಬೇಕೆಂದು ಕಟ್ಟುಮಾಡಿತು. ಕೆಲವೇ ತಿಂಗಳಲ್ಲಿ 18,000ಕ್ಕೂ ಹೆಚ್ಚು ಮಂದಿ ವಿಮೆಯನ್ನು ಕಳೆದುಕೊಂಡರು. ದುಡಿಯುತ್ತಿದ್ದವರಲ್ಲಿಯೂ ಹಲವರು ಲೆಕ್ಕ ಒಪ್ಪಿಸುವ ಬಗೆಯನ್ನರಿಯದೆ ಕೆಟ್ಟರು. 2019ರಲ್ಲಿ ನ್ಯಾಯಾಲಯವು ಅದನ್ನು ತಡೆಯಿತು. 2025ರ ಜುಲೈ ತಿಂಗಳಿನ ಕೇಂದ್ರ ಶಾಸನವು ಅದೇ 80 ಗಂಟೆಯ ಕಟ್ಟನ್ನು ಮೆಡಿಕೇಡ್ ವಿಸ್ತರಿಸಿದ ಸಂಸ್ಥಾನಗಳಿಗೆಲ್ಲ ವಿಧಿಸಿ, 2027ರ ಜನವರಿಯನ್ನು ಗಡುವಾಗಿಟ್ಟಿದೆ. ಲೆಕ್ಕಗಳನ್ನು ಪರೀಕ್ಷಿಸುವ ಭಾರವು ಮತ್ತೆ ಆಯಾ ಸಂಸ್ಥಾನದ ಕಚೇರಿಗಳದೇ.