ನಮ್ಮ ಮೇಲೂ ಯಾರೋ ಅದಾರ (ಘಟ್ಟದ ದಾರಿ, ಭಾಗ 4)

ಮೊದಲ ಫೋಟೋ ನೋಡಿ "ಸ್ವರ್ಗ" ಅಂತ ಕಮೆಂಟ್ ಹಾಕೋ ಮುಂಚೆ ಇಷ್ಟು ಓದ್ರಿ. ಉದ್ದ ಅದ, ಗೊತ್ತು. ಇವತ್ತು ಊಟದ ಫೋಟೋ ಇಲ್ಲ, ಜಗಳ ಅದ.

ಈ ಟ್ರಿಪ್ ಯಾಕೆ ಹೋದ್ವಿ ಅಂತ ಹೇಳಿರಲಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಂನ 19ನೇ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋಯ್ತಲ್ಲ, ಆಗ ನಾವು ಭತ್ತ ಹಚ್ಚಿ ಮುಗಿಸಿದ್ವಿ ಅಷ್ಟೇ. ಅಪ್ಪ ಆ ವಾರ ಪೂರ್ತಿ ರಾತ್ರಿ ಮಲಗದೆ ಫೋನ್ ನೋಡ್ತಾ ಕೂತಿದ್ರು. ಡ್ಯಾಂ ಮತ್ತೆ ತುಂಬಿ ಬೆಳೆ ಉಳಿದ್ರೆ ಹೊರನಾಡು ಅನ್ನಪೂರ್ಣೇಶ್ವರಿಗೆ ಅಕ್ಕಿ ಕೊಡ್ತೀನಿ ಅಂತ ಅವ್ವ ಹರಕೆ ಹೊತ್ತಳು. ತಾತ್ಕಾಲಿಕ ಗೇಟ್ ಕೂರಿಸಿದ್ರು, ಮಳೆ ಬಂತು, ಡ್ಯಾಂ ತುಂಬಿತು. ದಸರಾ ರಜೆಯಲ್ಲಿ ಊರ ಯಲ್ಲಮ್ಮಗೆ ಕಾಯಿ ಒಡೆದು, ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಒಂದೇ ಕ್ರೂಸರ್‌ನಲ್ಲಿ ಹನ್ನೊಂದು ಜನ ಹೊರಟ್ವಿ.

ಮಾನ್ವಿ, ಸಿಂಧನೂರು, ಗಂಗಾವತಿ, ಹೊಸಪೇಟೆ, ಹರಿಹರ, ಹೊನ್ನಾಳಿ, ಶಿವಮೊಗ್ಗ, ಶೃಂಗೇರಿ. ಮ್ಯಾಪ್ ತೆಗೆದು ನೋಡ್ರಿ: ಮೊದಲು ಕಾಲುವೆ ಸೀಮೆ, ಆಮೇಲೆ ಡ್ಯಾಂ, ಆಮೇಲೆ ಹೊಳೆ. ನಮ್ಮ ಹೊಲಕ್ಕೆ ಬರೋ ನೀರಿನ ದಾರಿಯನ್ನೇ ಉಲ್ಟಾ ಹತ್ತಿದಂಗ. ಶೃಂಗೇರಿಯಲ್ಲಿ ತುಂಗೆ, ಕೂಡ್ಲಿಯಲ್ಲಿ ಭದ್ರೆ ಬಂದು ಸೇರಿ ತುಂಗಭದ್ರೆ. ಎರಡೂ ಹುಟ್ಟೋದು ಕುದುರೆಮುಖದ ಹತ್ತಿರದ ಗಂಗಾಮೂಲದಲ್ಲಿ. ಫೋಟೋ 1 ಅದೇ ದಾರಿ. ಶೃಂಗೇರಿಯಿಂದ ಕೆರೆಕಟ್ಟೆ, ಎಸ್.ಕೆ. ಬಾರ್ಡರ್, ಅಲ್ಲಿಂದ ಕುದುರೆಮುಖ, ಕಳಸ, ಹೊರನಾಡು.

ಇಲ್ಲೇ ಜಗಳ ಆಗಿದ್ದು. ಚೆಕ್‌ಪೋಸ್ಟ್‌ನಲ್ಲಿ ಟೈಮ್ ಬರೆದು ಚೀಟಿ ಕೊಟ್ಟು, ಮಧ್ಯೆ ಎಲ್ಲೂ ಗಾಡಿ ನಿಲ್ಲಿಸಬ್ಯಾಡ್ರಿ ಅಂದ್ರು. ಕಾಕಾಗೆ ಸಿಟ್ಟು ಬಂತು. "ನಾನ್ನೂರು ಕಿಲೋಮೀಟರ್‌ಕ್ಕಿಂತ ಹೆಚ್ಚು ಬಂದೀವಿ, ಒಂದು ಫೋಟೋ ತೆಗಿಬಾರದಂದ್ರ ಹೆಂಗ?" ನಾನೂ ಕಾಕಾನ ಕಡೆಗೇ ಇದ್ದೆ. ಅದೇ ಮಾತಿನ ಮಧ್ಯೆ, ಖಾಲಿ ಆದ ಚಿಪ್ಸ್ ಪಾಕೀಟನ್ನ ಕಿಟಕಿಯಿಂದ ಹೊರಗೆ ಬಿಟ್ಟೆ. ಹೌದು, ನಾನೇ.

ಅಪ್ಪ ತಿರುಗಿ ನೋಡಿ ಒಂದೇ ಮಾತು ಅಂದ್ರು: "ಕಾಲುವ್ಯಾಗ ಒಗದಂಗ ಆತಲ್ಲವಾ."

ಇಳಿದು ಎತ್ತಿಕೊಳ್ಳೋಣ ಅಂದ್ರೆ ನಿಲ್ಲಿಸೋ ಹಂಗಿಲ್ಲ. ಅದು ಅಲ್ಲೇ ಉಳೀತು.

ನಮ್ಮದು ಎಡದಂಡೆ ಕಾಲುವೆಯ ಕೊನೆ ಭಾಗ. 227 ಕಿ.ಮೀ. ಕಾಲುವೆಯಲ್ಲಿ ಎಲ್ಲರದೂ ಆದ ಮೇಲೆ ನಮ್ಮ ಪಾಳಿ. ಮೇಲಿನವರು ಎರಡು ಬೆಳೆ ತೆಗೀತಾರ, ನಮಗೆ ಒಂದಕ್ಕೂ ನೀರು ಹತ್ತಲ್ಲ ಅಂತ ನಾನು ಹುಟ್ಟಿದಾಗಿಂದ ಕೇಳಿದ್ದೀನಿ. ರಸ್ತೆ ಬಂದ್ ಮಾಡಿದ್ದೂ ನೋಡಿದ್ದೀನಿ. "ಕೆಳಗ ನಾವೂ ಅದೀವಿ ಅಂತ ಮೇಲಿನವ್ರಿಗೆ ನೆನಪಿರಬೇಕು" ಅನ್ನೋದು ನಮ್ಮ ಮನೆ ಮಾತು. ಆದ್ರೆ ನಮ್ಮ ಮೇಲೆ, ಎಲ್ಲಕ್ಕಿಂತ ಮೇಲೆ, ಆ ಗುಡ್ಡ ಅದ, ಅಲ್ಲೂ ಜನ ಅದಾರ ಅನ್ನೋದು ನಮಗೆ ಎಂದಾದ್ರೂ ನೆನಪಾಗ್ಯದಾ?

ಫೋಟೋ 3ರಲ್ಲಿ ಗುಡ್ಡದ ಮೈಮೇಲೆ ಹುಲ್ಲು, ಮಡಿಕೆಗಳಲ್ಲಿ ಕಪ್ಪಗೆ ಕಾಣೋದು ಶೋಲಾ ಕಾಡು. ಸುರಿದ ಮಳೆನ ಹಿಡಿದಿಟ್ಟು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಬಿಡೋದು ಇದರ ಕೆಲಸ. ಇದೇ ಗುಡ್ಡಗಳಲ್ಲಿ ಕಬ್ಬಿಣದ ಅದಿರು ತೆಗೀತಿದ್ರು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ನಿಂತಿತು. ಫೋಟೋ 5 ಆಗಿನ ಟೌನ್‌ಶಿಪ್, ಈಗ ಬಹುಪಾಲು ಮನೆ ಖಾಲಿ. ಆ ಕೆಲಸ ನಂಬಿದ್ದವರು ಊರು ಬಿಟ್ರು. ರಾಷ್ಟ್ರೀಯ ಉದ್ಯಾನದ ಒಳಗಿನ ಕುಟುಂಬಗಳ ಪುನರ್ವಸತಿ ಮಾತು ವರ್ಷಗಟ್ಟಲೆ ನಡೆದೇ ಅದ. ಕಾಡು ಉಳಿಸೋ ಖರ್ಚು ಅವರ ಲೆಕ್ಕಕ್ಕೆ, ಲಾಭ ನಮ್ಮ ಲೆಕ್ಕಕ್ಕೆ. ಬಿಕಾಂ ಮೊದಲ ವರ್ಷದವರಿಗೂ ಗೊತ್ತಾಗ್ತದ, ಈ ಪುಸ್ತಕ ಟ್ಯಾಲಿ ಆಗಲ್ಲ.

ಇನ್ನೊಂದು ಲೆಕ್ಕ. ಡ್ಯಾಂ ಕಟ್ಟಿದಾಗ ಸುಮಾರು 133 ಟಿಎಂಸಿ ನೀರು ಹಿಡೀತಿತ್ತು, ಈಗ ಸುಮಾರು 105. ಉಳಿದದ್ದು ಹೂಳು. ಮಣ್ಣು ಒಂದೇ ಕಡೆಯಿಂದ ಬಂದಿಲ್ಲ, ದಾರಿಯುದ್ದಕ್ಕೂ ಬಂದದ್ದೇ. ನಾವು ಕ್ಲಾಸಿನಲ್ಲಿ ಡಿಪ್ರಿಸಿಯೇಷನ್‌ಗೆ ಸವಕಳಿ ಅಂತೀವಿ, ಮಣ್ಣು ಕೊಚ್ಚಿಹೋಗೋದಕ್ಕೂ ಸವಕಳಿ ಅಂತೀವಿ. ಇಲ್ಲಿ ಎರಡೂ ಒಂದೇ. ಆ ಇಪ್ಪತ್ತೆಂಟು ಟಿಎಂಸಿ ಮೊದಲು ಕಡಿಮೆ ಬೀಳೋದು ಕೊನೆ ಭಾಗಕ್ಕೆ, ಅಂದ್ರೆ ನಮಗೆ.

ಅದಕ್ಕೆ ನನ್ನ ಅಭಿಪ್ರಾಯ ಬದಲಾಯ್ತು. ಗಾಡಿ ನಿಲ್ಲಿಸಬ್ಯಾಡ್ರಿ ಅಂದದ್ದು ಸರಿ. ಗೇಟಿನಲ್ಲಿ ಇನ್ನೂ ನೂರು ರೂಪಾಯಿ ಕೇಳಿದ್ರೂ ಕೊಡಬೇಕು, ಆದ್ರೆ ಅದು ಅಲ್ಲಿನ ಊರುಗಳ ಶಾಲೆ, ಆಸ್ಪತ್ರೆ, ರಸ್ತೆಗೆ ಹೋಗಬೇಕು. "ಬಡವರು ಟ್ರಿಪ್ ಹೋಗಬಾರದಾ?" ಅಂತ ಕೇಳಬಹುದು. ಹೋಗಬೇಕು. ನಮ್ಮ ಸೀಮೆಯ ಪ್ರತಿ ಮನೆಯವರೂ ಒಮ್ಮೆ ಹೋಗಿ ಬರಬೇಕು. ಆದ್ರೆ ಟೂರಿಸ್ಟ್ ಆಗಿ ಅಲ್ಲ, ಕಾಲುವೆ ಕೊನೆಯವರಾಗಿ.

ಹೊರನಾಡಿನಲ್ಲಿ ಅವ್ವ ಹರಕೆ ತೀರಿಸಿದಳು. ಐದು ಸೇರು ನಮ್ಮದೇ ಅಕ್ಕಿ, ಹಿಂದಿನ ವರ್ಷದ್ದು. ಫೋಟೋ 8. ಗುಡ್ಡದ ನೀರು ಅಕ್ಕಿಯಾಗಿ ಗುಡ್ಡಕ್ಕೇ ವಾಪಸ್ ಬಂತು ಅಂತ ಅಪ್ಪಗೆ ಹೇಳಿದೆ. "ಮತ್ತ ನಿನ್ನ ಪಾಕೀಟು?" ಅಂದ್ರು. ಅದಕ್ಕೆ ಉತ್ತರ ಇನ್ನೂ ನನ್ನ ಹತ್ರ ಇಲ್ಲ.

ನೀವು ಕಾಲುವೆಯ ಯಾವ ಭಾಗದವರು? ಮೇಲಾ, ಕೆಳಗಾ? ಕಮೆಂಟ್‌ನಲ್ಲಿ ಹೇಳ್ರಿ. ಭಾಗ 5ರಲ್ಲಿ ಟ್ರಿಪ್ಪಿನ ಪೂರ್ತಿ ಖರ್ಚಿನ ಲೆಕ್ಕ, ಪೈಸೆ ಸಮೇತ.

#ಘಟ್ಟದದಾರಿ #ನೀರಮಾನ್ವಿ #ತುಂಗಭದ್ರಾ #ಕುದುರೆಮುಖ #ಕೊನೆಭಾಗ