ಪಹಣಿಯಲ್ಲಿಲ್ಲದ ಹೆಸರು

ದೇಶವು ಎಷ್ಟು ವೇಗವಾಗಿ ಮುಂದುವರಿಯುತ್ತಿದೆಯೆಂದು ನಾವು ಉತ್ಸಾಹದಿಂದ ಲೆಕ್ಕ ಹಾಕುತ್ತೇವೆ. ಯಾರ ಹೊಲವನ್ನು ದಾಟಿ ಮುಂದುವರಿಯುತ್ತಿದೆಯೆಂದು ಕೇಳುವುದು ಅಪರೂಪ. ಕಾರ್ಖಾನೆಗೆ ನೆಲ ಬೇಕು, ಹೆದ್ದಾರಿಗೆ ನೆಲ ಬೇಕು, ನಮ್ಮ ನಿಮ್ಮಂಥವರ ನಿವೇಶನಕ್ಕೂ ನೆಲ ಬೇಕು. ಬೆಂಗಳೂರಿನ ಎಷ್ಟೋ ಬಡಾವಣೆಗಳ ಅಡಿಯಲ್ಲಿ ಒಂದಾನೊಂದು ಕಾಲದ ರಾಗಿಯ ಹೊಲಗಳು ಮಲಗಿವೆ.

ದೇವನಹಳ್ಳಿಯ ಸೀಮೆಯನ್ನೇ ನೋಡಬಹುದು. ಚಕ್ಕೋತಕ್ಕೂ ದ್ರಾಕ್ಷಿಗೂ ಹೆಸರಾದ ನೆಲವದು. 2008ರಲ್ಲಿ ಅಲ್ಲಿ ವಿಮಾನ ನಿಲ್ದಾಣ ಬಂದಿತು. ಸುತ್ತಲಿನ ಭೂಮಿಯ ಮೇಲೆ ಎಲ್ಲರ ಕಣ್ಣೂ ಬಿದ್ದಿತು. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳಲ್ಲಿ 1,777 ಎಕರೆಯನ್ನು ಕೈಗಾರಿಕೆಗಾಗಿ ವಶಪಡಿಸಿಕೊಳ್ಳಲು ಸರ್ಕಾರ ಹೊರಟಾಗ, 2022ರ ಏಪ್ರಿಲ್‌ನಲ್ಲಿ ರೈತರು ಧರಣಿ ಕುಳಿತರು. ಮೂರು ವರ್ಷಗಳಿಗೂ ಮಿಕ್ಕಿ ಕುಳಿತರು. 2025ರ ಜುಲೈ 15ರಂದು ಸರ್ಕಾರವು ಆ ಯೋಜನೆಯನ್ನು ಕೈಬಿಟ್ಟು, ಸ್ವಇಚ್ಛೆಯಿಂದ ಕೊಡುವವರ ಭೂಮಿಯನ್ನು ಮಾತ್ರ ಕೊಳ್ಳುವುದಾಗಿ ಸಾರಿತು. ಒಡೆಯನ ಒಪ್ಪಿಗೆಗೆ ಬೆಲೆ ಬಂದಿತು, ಸಂತೋಷದ ಮಾತು.

ಆದರೆ ಒಪ್ಪಿಗೆ ಕೊಡಬಲ್ಲವರು ಯಾರು? ಪಹಣಿಯಲ್ಲಿ ಹೆಸರುಳ್ಳವರು. ಅದೇ ಹೊಲದಲ್ಲಿ ಕಳೆ ಕಿತ್ತು, ಹೂ ಬಿಡಿಸಿ, ಸಂಜೆಗೆ ಕೂಲಿ ಪಡೆದು ಒಲೆ ಹೊತ್ತಿಸುವ ಹೆಂಗಸಿನ ಹೆಸರು ಯಾವ ಪಹಣಿಯಲ್ಲಿದೆ? ಒಡೆಯನು ಒಳ್ಳೆಯ ಬೆಲೆಗೆ ಹೊಲವನ್ನು ಮಾರಿದ ದಿನ ಆಕೆಯ ಜೀವನೋಪಾಯವೂ ಮಾರಾಟವಾಯಿತು. ಬೆಲೆ ಮಾತ್ರ ಆಕೆಗೆ ಬರಲಿಲ್ಲ. ಕೈ ಕೆಸರಾದರೆ ಬಾಯಿ ಮೊಸರೆಂಬ ಗಾದೆ ಇಲ್ಲಿ ತಲೆಕೆಳಗಾಗುತ್ತದೆ: ಕೆಸರಾದ ಕೈ ಒಬ್ಬರದು, ಮೊಸರುಂಡ ಬಾಯಿ ಇನ್ನೊಬ್ಬರದು.

ನೆಲದ ಹಕ್ಕಿನ ಪ್ರಶ್ನೆಯನ್ನು ಧೈರ್ಯವಾಗಿ ಎತ್ತಿಕೊಂಡ ನಾಡು ನಮ್ಮದು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ದೇವರಾಜ ಅರಸರ ಕಾಲದಲ್ಲಿ, 1961ರ ಭೂಸುಧಾರಣಾ ಕಾಯಿದೆಗೆ 1974ರಲ್ಲಿ ತಂದ ತಿದ್ದುಪಡಿಯು ಉಳುವವನನ್ನೇ ಹೊಲದೊಡೆಯನನ್ನಾಗಿ ಮಾಡಿತು. ಅದು ಸಾಮಾನ್ಯ ಸಾಧನೆಯಲ್ಲ. ಆದರೂ ಆ ಕಾಯಿದೆಯು ಮುಖ್ಯವಾಗಿ ಕಂಡದ್ದು ಗೇಣಿದಾರನನ್ನು. ಗೇಣಿಯೂ ಇಲ್ಲದೆ ಬರಿಯ ಕೂಲಿಯಿಂದ ಬದುಕುವವನಿಗೆ ವಾಸದ ಮನೆಯ ಜಾಗದ ಹಕ್ಕು ದೊರೆಯಿತು, ಹೊಲ ದೊರೆಯಲಿಲ್ಲ.

ಹಾಗಾದರೆ ಕೈಗಾರಿಕೆಯೇ ಬೇಡವೆ? ಹಾಗಲ್ಲ. 2023–24ರ ಗಣನೆಯಂತೆ ನಮ್ಮ ದೇಶದ ದುಡಿಯುವ ಜನರಲ್ಲಿ ನೂರಕ್ಕೆ ಸುಮಾರು 46 ಮಂದಿ ವ್ಯವಸಾಯದಲ್ಲಿದ್ದರು. ರಾಷ್ಟ್ರದ ವರಮಾನದಲ್ಲಿ ಅದರ ಪಾಲು ಐದರಲ್ಲಿ ಒಂದಂಶಕ್ಕೂ ಕಡಮೆ. 1970–71ರಲ್ಲಿ ಸರಾಸರಿ ಹಿಡುವಳಿ 2.28 ಹೆಕ್ಟೇರ್ ಇದ್ದದ್ದು 2015–16ರ ವೇಳೆಗೆ 1.08 ಹೆಕ್ಟೇರಿಗೆ, ಎಂದರೆ ಎರಡೂ ಮುಕ್ಕಾಲು ಎಕರೆಗೂ ತುಸು ಕಡಮೆಗೆ, ಇಳಿಯಿತು. ಇಷ್ಟು ನೆಲ ಅಷ್ಟು ಜನರನ್ನು ಸಾಕಲಾರದು. ಕೆಲವರು ಬೇರೆ ಕಸುಬಿಗೆ ಹೋಗಲೇಬೇಕು. ಆದರೆ ಹೊಲದಿಂದ ಹೊರಬಿದ್ದವರಿಗೆ ಕಾರ್ಖಾನೆಯ ಬಾಗಿಲು ತೆರೆಯಬೇಡವೆ? ಅಲ್ಲಿನ ಕಾವಲುಗಾರನು ಓದಿನ ಪ್ರಮಾಣಪತ್ರವನ್ನು ಕೇಳುತ್ತಾನೆ. ಐವತ್ತು ವರ್ಷದ ಕೂಲಿಯ ಹೆಂಗಸು ಏನನ್ನು ತೋರಿಸಿಯಾಳು?

ಕಾನೂನು ಈ ಮಾತನ್ನು ಅರಿಯದೆ ಇಲ್ಲ. 1894ರ ಭೂಸ್ವಾಧೀನ ಕಾಯಿದೆಯ ಬದಲಿಗೆ ಬಂದ 2013ರ ಕಾಯಿದೆಯು, ಮೂರು ವರ್ಷಗಳಿಂದ ಆ ಭೂಮಿಯನ್ನೇ ಮುಖ್ಯವಾಗಿ ನಂಬಿ ಬದುಕಿದ ಕೂಲಿಕಾರರ ಕುಟುಂಬವನ್ನೂ ಬಾಧಿತ ಕುಟುಂಬವೆಂದು ಎಣಿಸುತ್ತದೆ. ನಮ್ಮ ರಾಜ್ಯದಲ್ಲಾದರೋ ಕೈಗಾರಿಕಾ ಪ್ರದೇಶಗಳಿಗೆ ಭೂಮಿಯನ್ನು ಪಡೆಯುವುದು 1966ರ ಬೇರೊಂದು ಕಾಯಿದೆಯ ಮೂಲಕ. ಕೂಲಿಕಾರರನ್ನು ಎಣಿಸಬೇಕೆಂದು ಅದು ವಿಧಿಸುವುದಿಲ್ಲ. ಸ್ವಇಚ್ಛೆಯ ಮಾರಾಟದಲ್ಲಂತೂ ಅವರ ಪ್ರಸ್ತಾಪವೇ ಬರುವುದಿಲ್ಲ.

ಎಣಿಸುವುದು ಕಷ್ಟವೆಂಬ ನೆವವೂ ನಿಲ್ಲದು. 2005ರ ಉದ್ಯೋಗ ಖಾತರಿ ಕಾಯಿದೆಯ ಅಡಿಯಲ್ಲಿ ಹಳ್ಳಿಹಳ್ಳಿಯ ಕೂಲಿ ಕುಟುಂಬಗಳ ಹೆಸರು ಬರೆದು ಚೀಟಿ ಕೊಟ್ಟದ್ದುಂಟು. ಹಾಗೆಯೇ, ಹೊಲವು ಕೈಬದಲಾಗುವ ಮೊದಲು ಗ್ರಾಮಸಭೆಯ ಎದುರಿನಲ್ಲಿ ಅಲ್ಲಿ ದುಡಿಯುವವರ ಪಟ್ಟಿಯಾಗಲಿ; ಹೆಂಗಸರ ಹೆಸರು ಗಂಡಸರ ಹೆಸರಿನ ಹಿಂದೆ ಅಡಗದಿರಲಿ. ಪರಿಹಾರದಲ್ಲಿ ಅವರಿಗೊಂದು ಪಾಲು, ಬರುವ ಕಾರ್ಖಾನೆಯಲ್ಲಿ ಅವರ ಮಕ್ಕಳಿಗೆ ತರಬೇತಿ ಮತ್ತು ಕೆಲಸ, ವಯಸ್ಸಾದವರಿಗೆ ಮಾಸಿಕ ವೇತನ – ಇಷ್ಟು ಕೇಳುವುದು ದುಬಾರಿಯಲ್ಲ.

ನಿವೇಶನ ಕೊಳ್ಳುವಾಗ ನಾವು ಹಿಂದಿನ ಮೂವತ್ತು ವರ್ಷಗಳ ಕಾಗದಪತ್ರಗಳನ್ನು ವಕೀಲರಿಂದ ಪರೀಕ್ಷಿಸಿಕೊಳ್ಳುತ್ತೇವೆ. ಆ ಕಾಗದಗಳಲ್ಲಿ ಮಾರಿದವರೂ ಕೊಂಡವರೂ ಇರುತ್ತಾರೆ. ಆ ಮೂವತ್ತು ವರ್ಷ ಅಲ್ಲಿ ಬೆನ್ನು ಬಗ್ಗಿಸಿದವರ ಹೆಸರನ್ನೂ ಬರೆದಿಡುವ ದಿನ ಬಂದಾಗ, ನಾಡು ಮುಂದುವರಿದಿದೆಯೆಂಬ ಮಾತಿಗೆ ಹೆಚ್ಚಿನ ಅರ್ಥ ಬಂದೀತು.